ಮನಸ್ಸು ಅಳತೆಗೆ ಸಿಕ್ಕ ಬಗೆ

ಪ್ರಾಚೀನ ಗ್ರೀಕರಿಗೆ ಮೂರ್ಛೆರೋಗ ‘ಪವಿತ್ರ ರೋಗ’. ದೇವರ ಕೋಪದಿಂದ ಅದು ಬರುತ್ತದೆಂದು ಜನ ನಂಬಿದ್ದರು. ಸುಮಾರು ಕ್ರಿ.ಪೂ. 400ರ ಹಿಪಾಕ್ರಟಿಸ್ ಪರಂಪರೆಯ ವೈದ್ಯಗ್ರಂಥವೊಂದು ಆ ನಂಬಿಕೆಯನ್ನು ತಳ್ಳಿಹಾಕಿತು. ಇದೂ ಮಿಕ್ಕ ರೋಗಗಳಂಥದ್ದೇ, ಇದರ ಮೂಲ ಮಿದುಳು, ನಗು ಅಳು ಭಯಗಳೂ ಅಲ್ಲಿಂದಲೇ ಹುಟ್ಟುತ್ತವೆ ಎಂದಿತು. ಮುಂದಿನ ತಲೆಮಾರಿನಲ್ಲಿ ನೆನಪು, ಕನಸುಗಳ ಬಗ್ಗೆ ಸೂಕ್ಷ್ಮವಾಗಿ ಬರೆದ ಅರಿಸ್ಟಾಟಲ್ ಮಾತ್ರ ಸಂವೇದನೆಯ ನೆಲೆ ಹೃದಯ ಎಂದ. ಯಾರ ಮಾತು ಸರಿ ಎಂದು ತೀರ್ಮಾನಿಸುವ ಸಾಧನ ಆಗ ಇರಲಿಲ್ಲ. ಮನೋವಿಜ್ಞಾನದ ಚರಿತ್ರೆ ಬಹುಮಟ್ಟಿಗೆ ಆ ಸಾಧನಕ್ಕಾಗಿ ನಡೆದ ಹುಡುಕಾಟ.

ಭಾರತದಲ್ಲಿ ಈ ಹುಡುಕಾಟ ಬೇರೆ ದಾರಿ ಹಿಡಿಯಿತು. ಪತಂಜಲಿಯ ಯೋಗಸೂತ್ರ ಚಿತ್ತವೃತ್ತಿಗಳನ್ನು ಐದಾಗಿ ವಿಂಗಡಿಸಿ, ನಿದ್ರೆ ಮತ್ತು ಸ್ಮೃತಿಯನ್ನೂ ಆ ಪಟ್ಟಿಗೆ ಸೇರಿಸಿತು. ಚರಕಸಂಹಿತೆ ಔಷಧ, ಪಥ್ಯಗಳ ಜೊತೆಗೆ ಸತ್ತ್ವಾವಜಯ ಎಂಬ ಚಿಕಿತ್ಸೆಯನ್ನೂ ಹೇಳಿತು. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಡಿದು ನಿಲ್ಲಿಸುವುದು ಅದರ ತಿರುಳು.

ಯುರೋಪಿನಲ್ಲಿ ದೇಹ ಮತ್ತು ಮನಸ್ಸು ಬೇರೆ ಬೇರೆ ಎಂದು ವಾದಿಸಿದ ಡೆಕಾರ್ಟ್, ಅವೆರಡೂ ಮಿದುಳಿನ ಪೀನಿಯಲ್ ಗ್ರಂಥಿಯಲ್ಲಿ ಕೂಡುತ್ತವೆ ಎಂದ. ಅದೂ ತರ್ಕವೇ.

ಅಳತೆಯ ಯುಗ ತೆರೆದದ್ದು 19ನೇ ಶತಮಾನದಲ್ಲಿ. ನರದ ಸಂದೇಶದ ವೇಗವನ್ನು ಅಳೆಯುವುದು ಅಸಾಧ್ಯವೆಂದೇ ಶರೀರಶಾಸ್ತ್ರಜ್ಞ ಯೊಹಾನೆಸ್ ಮ್ಯುಲರ್ ಭಾವಿಸಿದ್ದರು. ಅವರ ಶಿಷ್ಯ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರವನ್ನೇ ಇಟ್ಟುಕೊಂಡು ಅದನ್ನು ಅಳೆದರು: ಸೆಕೆಂಡಿಗೆ ಸುಮಾರು 30 ಮೀಟರ್. ಸಂವೇದನೆಗೂ ಸಮಯ ಹಿಡಿಯುತ್ತದೆ ಎಂದಾದ ಮೇಲೆ ಪ್ರಯೋಗದ ಬಾಗಿಲು ತೆರೆಯಿತು. 1879ರಲ್ಲಿ ವಿಲ್‌ಹೆಲ್ಮ್ ವುಂಟ್ ಲೈಪ್‌ಜಿಗ್‌ನಲ್ಲಿ ಮನೋವಿಜ್ಞಾನದ ಪ್ರಯೋಗಾಲಯ ಸ್ಥಾಪಿಸಿದರು. ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಲೆಕ್ಕವಿಟ್ಟು 1885ರಲ್ಲಿ ಪ್ರಕಟಿಸಿದರು.

ಅಲ್ಲಿಂದ ಮುಂದೆ ದಾರಿ ಕವಲೊಡೆಯಿತು. ವಿಯೆನ್ನಾದ ಫ್ರಾಯ್ಡ್ ರೋಗಿಗಳ ಮಾತು, ಕನಸುಗಳಲ್ಲಿ ಸುಪ್ತ ಮನಸ್ಸನ್ನು ಹುಡುಕಿದರು. ಅಮೆರಿಕದ ವಾಟ್ಸನ್ 1913ರಲ್ಲಿ, ಕಣ್ಣಿಗೆ ಕಾಣುವ ವರ್ತನೆಯನ್ನಷ್ಟೇ ಅಧ್ಯಯನ ಮಾಡಿದರೆ ಸಾಕು ಎಂದು ಸಾರಿದರು. ಮೊದಲಿನದು ಆಳಕ್ಕಿಳಿದರೂ ಪರೀಕ್ಷೆಗೆ ಸುಲಭವಾಗಿ ಸಿಗಲಿಲ್ಲ. ಎರಡನೆಯದು ಪರೀಕ್ಷೆಗೆ ಸಿಕ್ಕರೂ ಮನಸ್ಸನ್ನೇ ಹೊರಗಿಟ್ಟಿತು.

ಈ ಅಲೆಗಳು ಭಾರತವನ್ನೂ ತಡಮಾಡದೆ ಮುಟ್ಟಿದವು. ಫ್ರಾಯ್ಡ್ ಜೊತೆ ಪತ್ರವ್ಯವಹಾರ ನಡೆಸಿದ ಗಿರೀಂದ್ರಶೇಖರ ಬೋಸ್ 1922ರಲ್ಲಿ ಕಲ್ಕತ್ತೆಯಲ್ಲಿ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಅದನ್ನು ಬೆಳೆಸಿದ ಎಂ.ವಿ. ಗೋಪಾಲಸ್ವಾಮಿ, ಬುದ್ಧಿಶಕ್ತಿಯ ಮಾಪನಕ್ಕೆ ಹೆಸರಾದ ಸ್ಪಿಯರ್‌ಮನ್ ಅವರ ಬಳಿ ಲಂಡನ್ನಿನಲ್ಲಿ ಕಲಿತವರು.

ಹೊರಗಿಟ್ಟಿದ್ದ ಮನಸ್ಸು 1950ರ ದಶಕದಲ್ಲಿ ಪ್ರಯೋಗಾಲಯಕ್ಕೆ ಮರಳಿತು. ಮಿದುಳಿನ ಒಳಭಾಗವೊಂದನ್ನು 1953ರಲ್ಲಿ ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡ ಹೆನ್ರಿ ಮೊಲೇಸನ್‌ಗೆ ಹೊಸ ನೆನಪುಗಳು ಉಳಿಯುತ್ತಲೇ ಇರಲಿಲ್ಲ. ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರ ಬಿಡಿಸುವ ಕೆಲಸವನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಆತನಿಗೆ ಕೊಟ್ಟರು. ಹಿಂದಿನ ದಿನ ಮಾಡಿದ್ದು ನೆನಪಿಲ್ಲದಿದ್ದರೂ ಕೈ ದಿನದಿನಕ್ಕೂ ಪಳಗುತ್ತಾ ಬಂತು. ನೆನಪು ಒಂದೇ ಬಗೆಯದಲ್ಲ ಎಂಬುದು ಹೀಗೆ ಸಿದ್ಧವಾಯಿತು.

ಸಾಧನ ಸಿಕ್ಕಿದ ಮಾತ್ರಕ್ಕೆ ಫಲಿತಾಂಶ ಗಟ್ಟಿಯಾಗಬೇಕೆಂದಿಲ್ಲ. ಪ್ರಕಟವಾದ 100 ಅಧ್ಯಯನಗಳನ್ನು ಸಂಶೋಧಕರ ತಂಡವೊಂದು ಮತ್ತೆ ನಡೆಸಿ ನೋಡಿತು. ಸ್ಪಷ್ಟ ಫಲಿತಾಂಶ ಮರುಕಳಿಸಿದ್ದು ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಿನವುಗಳಲ್ಲಿ ಮಾತ್ರ ಎಂದು 2015ರಲ್ಲಿ ವರದಿಯಾಯಿತು. ತನ್ನ ತಪ್ಪನ್ನು ತಾನೇ ಹುಡುಕಿ ಲೋಕದ ಮುಂದಿಟ್ಟದ್ದು ಈ ಶಾಸ್ತ್ರ ಬಲಿತದ್ದರ ಲಕ್ಷಣ.

ಇಷ್ಟೆಲ್ಲ ತಿಳಿವು ಹಳ್ಳಿಯ ರೋಗಿಗೆ ತಲುಪಿದಾಗಲೇ ಸಾರ್ಥಕ. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಅದನ್ನು ಪ್ರಯತ್ನಿಸಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು.