ಗೂಡಿನೊಳಗಿನ ಗಡಿಯಾರ

ರೇಷ್ಮೆಯ ಚರಿತ್ರೆ ಎಂದರೆ ನಾವು ಟಿಪ್ಪು ಸುಲ್ತಾನನಿಂದ ಹೊರಟು ನೇರವಾಗಿ ಮೈಸೂರು ಸೀರೆಗೆ ಬಂದುಬಿಡುತ್ತೇವೆ. ನಡುವೆ ಇರುವ ಗೂಡಿನ ಮಾರುಕಟ್ಟೆ ಮತ್ತು ಕುದಿನೀರಿನ ಬೇಸಿನ್ನು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ರಾಮನಗರದಷ್ಟೇ ಹೆಸರಾದ ಗೂಡಿನ ಮಾರುಕಟ್ಟೆ ಶಿಡ್ಲಘಟ್ಟದ್ದು. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು ಸೀಮೆಯ ಹಿಪ್ಪುನೇರಳೆ ತೋಟಗಳು ಕೊಳವೆಬಾವಿಯ ನೀರಿನ ಮೇಲೆ ಬದುಕಿವೆ. ಹುಳು ಸಾಕುವವರು ಬಹುಪಾಲು ಹಿಂದೂ ರೈತರು. ನೂಲು ಬಿಚ್ಚುವವರಲ್ಲಿ ಮುಸ್ಲಿಮರು ಹೆಚ್ಚು. ಇಬ್ಬರನ್ನೂ ಕಟ್ಟಿಹಾಕಿರುವುದು ಗೂಡಿನೊಳಗಿನ ಗಡಿಯಾರ. ಕೆಲವೇ ದಿನಗಳಲ್ಲಿ ಗೂಡು ಮಾರಾಟವಾಗಿ ಬೇಯದಿದ್ದರೆ ಚಿಟ್ಟೆ ಅದನ್ನು ತೂತು ಮಾಡಿ ಹೊರಬರುತ್ತದೆ. ಆಮೇಲೆ ರೈತನಿಗೆ ಬೆಲೆಯಿಲ್ಲ, ರೀಲರ್‌ಗೆ ಎಳೆಯಿಲ್ಲ.

ಈ ಕಸುಬು ಕಂಡ ಬಿಕ್ಕಟ್ಟುಗಳು ಒಂದೆರಡಲ್ಲ. 1930ರ ದಶಕದಲ್ಲಿ ಜಪಾನಿನ ಅಗ್ಗದ ರೇಷ್ಮೆ ಮೈಸೂರು ಸಂಸ್ಥಾನದ ಸಾಕಣೆದಾರರನ್ನು ನೆಲಕಚ್ಚಿಸಿತು. ಎರಡನೇ ಮಹಾಯುದ್ಧ ಬಂದು ಪ್ಯಾರಾಚೂಟಿಗೆ ರೇಷ್ಮೆ ಬೇಕಾದಾಗ ಅದೇ ಕಸುಬು ಚೇತರಿಸಿಕೊಂಡಿತು. ಈ ಏರಿಳಿತ ಕಂಡವರಿಗೆ ಒಂದು ಕಟ್ಟುಪಾಡು ಬೇಕೆನಿಸಿತ್ತು. 1959ರ ರಾಜ್ಯ ಕಾಯಿದೆ ಗೂಡಿನ ವ್ಯಾಪಾರವನ್ನು ನಿಯಂತ್ರಣಕ್ಕೆ ತಂದಿತು. ಒಂದೇ ಸೂರಿನಡಿ ಬಹಿರಂಗ ಹರಾಜು, ಒಂದೇ ತಕ್ಕಡಿ. ಬೆಲೆಯ ಬಗ್ಗೆ ಜಗಳವಾದರೂ ಎದುರೆದುರೇ ಆಗಬೇಕು.

2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿತು. ಚೀನಾದ ನೂಲು ಅಗ್ಗವಾಗಿ ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ. 15ಕ್ಕೆ ಏರಿತು. ಆ ಹೊತ್ತಿನಲ್ಲಿ ರೈತನ ಕಷ್ಟವೂ ರೀಲರ್‌ನ ಕಷ್ಟವೂ ಬೇರೆ ಬೇರೆಯಾಗಿರಲಿಲ್ಲ.

2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಆದಾಗ ಮದುವೆಗಳು ನಿಂತವು, ಮಗ್ಗಗಳು ನಿಂತವು. ಹುಳುಗಳು ಮಾತ್ರ ಗೂಡು ಕಟ್ಟುವುದನ್ನು ನಿಲ್ಲಿಸಲಿಲ್ಲ. ಅದೇ ವಾರಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಂದ ಏನನ್ನೂ ಕೊಳ್ಳಬೇಡಿ ಎಂಬ ವದಂತಿ ದೇಶದುದ್ದಕ್ಕೂ ಹರಿದಾಡಿತು. ಚಂದ್ರಿಕೆಯಲ್ಲಿ ಗೂಡು ಕಟ್ಟಿಸಿಟ್ಟ ರೈತನಿಗೆ ಆ ಮಾತು ಎಲ್ಲಿ ಉಪಯೋಗಕ್ಕೆ ಬಂದೀತು? ಅವನ ಗೂಡನ್ನು ಬೇಯಿಸಬೇಕಾದ ಒಲೆ ರೀಲರ್‌ನ ಮನೆಯಲ್ಲಿತ್ತು.

ಆದರೆ ಇದನ್ನು ಸೌಹಾರ್ದದ ಕಥೆಯೆಂದಷ್ಟೇ ಹೇಳಿ ಮುಗಿಸಿದರೆ ನಾವು ಅರ್ಧ ಸತ್ಯ ಹೇಳಿದಂತೆ. ಹರಾಜಿನಲ್ಲಿ ಕೂಗುವವರಿಗೆ ದನಿಯಿದೆ, ಬೇಸಿನ್ನಿನ ಮುಂದೆ ಕೂತ ಕೂಲಿ ಹೆಂಗಸಿಗೆ ಇಲ್ಲ. ಕರ್ನಾಟಕವೂ ಸೇರಿದಂತೆ ದೇಶದ ರೇಷ್ಮೆ ಕಸುಬಿನಲ್ಲಿ ಜೀತಕ್ಕೆ ಬಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿ ಮಾಡಿತ್ತು. ಬೆಲೆ ಬಿದ್ದಾಗ ಮೊದಲು ಕಡಿತವಾಗುವುದು ಕೂಲಿಯೇ. ಮುಂದಿನ ಬಿಕ್ಕಟ್ಟಿಗೆ ಸುಂಕದ ಜೊತೆಗೆ ಈ ಕೈಗಳಿಗೂ ಒಂದು ಕಟ್ಟುಪಾಡು ಬೇಕು. ಸುಟ್ಟ ಬೆರಳಿಗೆ ಬೆಲೆ ಕಟ್ಟದ ಮಾರುಕಟ್ಟೆ ಎಲ್ಲರದ್ದು ಎನಿಸಿಕೊಳ್ಳುವುದು ಹೇಗೆ?