ಹಳೆಯ ಹಲಗೆಗೆ ಹೊಂದುವ ಮರ

ಕಲ್ಲು, ಗಾರೆಗಳ ನೆಲದ ಮೇಲೆ ಬಾಳುವ ನಮಗೆ ಮರದ ನೆಲದ ಕಷ್ಟ ಅಷ್ಟಾಗಿ ತಿಳಿಯದು. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ ನೂರೈವತ್ತು, ಇನ್ನೂರು ವರ್ಷ ಹಳೆಯದಾದ ಎಷ್ಟೋ ಮನೆಗಳ ನೆಲವೆಲ್ಲ ಹಲಗೆಯದು. ಗೆದ್ದಲೋ ಸೋರುವ ನೀರೋ ನಾಲ್ಕು ಹಲಗೆಗಳನ್ನು ಕೆಡಿಸಿದರೆ, ಅವುಗಳ ಜಾಗಕ್ಕೆ ಮರ ಹುಡುಕುವುದು ಬಡಗಿಯ ಕೆಲಸವೆಂದು ತೋರುತ್ತದೆ. ಹುಡುಕಲು ಹೊರಟವನಿಗೆ ಮಾತ್ರ ಅದು ಚರಿತ್ರೆಯ ಕೆಲಸವಾಗಿಬಿಡುತ್ತದೆ.

ಆ ಹಲಗೆಗಳಲ್ಲಿ ಬಹುಪಾಲು ಲಾಂಗ್‌ಲೀಫ್ ಪೈನ್ ಎಂಬ ನೀಳೆಲೆಯ ಮರದವು. ಯೂರೋಪಿಯನ್ನರು ಕಾಲಿಡುವ ಮೊದಲು ಈ ಮರದ ಕಾಡು ವರ್ಜೀನಿಯದಿಂದ ಟೆಕ್ಸಾಸ್‌ವರೆಗೆ ಸುಮಾರು 9 ಕೋಟಿ ಎಕರೆಗಳಲ್ಲಿ ಹಬ್ಬಿತ್ತು. ಇದರ ಸಸಿ ಮೊದಲ ಕೆಲವು ವರ್ಷ ಹುಲ್ಲಿನ ಗುಚ್ಛದಂತೆ ನೆಲಕ್ಕಂಟಿಕೊಂಡು, ಬೇರನ್ನು ಮಾತ್ರ ಆಳಕ್ಕಿಳಿಸುತ್ತದೆ. ಸಿಡಿಲಿನಿಂದ ಹುಟ್ಟಿದ ಕಿಚ್ಚು, ಮೂಲನಿವಾಸಿಗಳು ಇಟ್ಟ ಕಿಚ್ಚು ಆಗಾಗ ಹರಿದು ಇತರ ಗಿಡಗಳನ್ನು ಸುಟ್ಟು ಇದಕ್ಕೆ ಬಿಸಿಲು ದೊರಕಿಸುತ್ತಿತ್ತು. ಮುನ್ನೂರು ವರ್ಷ ದಾಟಿ ಬದುಕಬಲ್ಲ ಈ ಮರದ ಚೇಗು ರಾಳದಿಂದ ತುಂಬಿ, ಕೆಂಪೇರಿ, ಉಕ್ಕಿನಂತಾಗುತ್ತದೆ.

ಆ ರಾಳವೇ ಮೊದಲು ಜನರನ್ನು ಸೆಳೆದದ್ದು. ಹಡಗುಗಳಿಗೆ ಬೇಕಾದ ಟಾರು, ಟರ್ಪೆಂಟೈನ್‌ಗಳಿಗಾಗಿ ಮರದ ಬುಡವನ್ನು ಕೊರೆಯುತ್ತಿದ್ದವರು ಹೆಚ್ಚಾಗಿ ಗುಲಾಮರು. ಗುಲಾಮಗಿರಿ 1865ರಲ್ಲಿ ಅಳಿದ ಮೇಲೆ ಸಾಲದ ಜೀತವೂ ಕೈದಿಗಳನ್ನು ಬಾಡಿಗೆಗೆ ಕೊಡುವ ಪದ್ಧತಿಯೂ ಅದರ ಜಾಗಕ್ಕೆ ಬಂದವು. ಮಾರ್ಟಿನ್ ಟೇಬರ್ಟ್ ಎಂಬ ತರುಣ ಮರದ ಶಿಬಿರವೊಂದರಲ್ಲಿ ಚಾವಟಿಯ ಏಟು ತಿಂದು 1922ರಲ್ಲಿ ಸತ್ತ ಬಳಿಕ, 1923ರಲ್ಲಿ ಫ್ಲಾರಿಡ ರಾಜ್ಯ ಕೈದಿಗಳ ಬಾಡಿಗೆಯನ್ನು ಕೊನೆಗಾಣಿಸಿತು. ಅಷ್ಟರಲ್ಲಿ ಕಾಡೂ ಕೊನೆಗಾಣುತ್ತಿತ್ತು. 1880ರಿಂದ ನಾಲ್ಕೈದು ದಶಕ ರೈಲುಹಳಿಗಳ ಬೆನ್ನು ಹಿಡಿದು ಹೋದ ಗರಗಸಗಳು ಅದನ್ನು ಬಯಲು ಮಾಡಿದವು. ಹಂದಿಗಳು ಸಸಿಗಳನ್ನು ತಿಂದವು. ಕಿಚ್ಚನ್ನು ಶತ್ರುವೆಂದು ಬಗೆದು ತಡೆದದ್ದರಿಂದ ಉಳಿದ ಸಸಿಗಳೂ ಮೇಲೇಳಲಿಲ್ಲ. 1990ರ ದಶಕದ ಹೊತ್ತಿಗೆ ಉಳಿದದ್ದು 30 ಲಕ್ಷ ಎಕರೆಯ ಆಸುಪಾಸು. ಅದರಲ್ಲಿ ಹಳೆಯ ಮರ ತೀರ ವಿರಳ.

ಹಾಗಾದರೆ ನಾಲ್ಕು ಹಲಗೆಗೆ ಮರವೆಲ್ಲಿ? ಇಂದಿನ ತೋಪಿನ ಪೈನನ್ನು ಇಪ್ಪತ್ತೈದು ಮೂವತ್ತು ವರ್ಷಕ್ಕೇ ಕಡಿಯುತ್ತಾರೆ. ಅದರ ಉಂಗುರಗಳು ಅಗಲ, ಚೇಗು ಕಡಮೆ. ಬಣ್ಣ ಬಳಿದರೂ ಹಳೆಯದರ ಪಕ್ಕದಲ್ಲಿ ಅದು ಬೇರೆಯಾಗಿಯೇ ಕಾಣುತ್ತದೆ. ಆದ್ದರಿಂದ ಬಡಗಿ ಕೆಡವಿದ ಹತ್ತಿ ಗಿರಣಿಗಳ ತೊಲೆಗಳನ್ನು ಅರಸುತ್ತಾನೆ. ನದಿಯಲ್ಲಿ ತೇಲಿಬಿಟ್ಟಾಗ ತನ್ನ ಭಾರಕ್ಕೇ ಮುಳುಗಿದ ದಿಮ್ಮಿಗಳು, ಗಾಳಿ ಸೋಕದ ಕೆಸರಿನಲ್ಲಿ ನೂರು ವರ್ಷ ಕೆಡದೆ ಮಲಗಿದ್ದು, ಈಗ ಮೇಲೆ ಬರುತ್ತವೆ. ಕೆಲವೊಮ್ಮೆ ಬೇಕಾದ ಹಲಗೆ ಅದೇ ಮನೆಯ ಅಟ್ಟದಲ್ಲಿಯೋ ಕಪಾಟಿನ ತಳದಲ್ಲಿಯೋ ಸಿಗುವುದುಂಟು. ಅಲ್ಲಿಂದ ಬಿಚ್ಚಿ ನಡುಮನೆಗೆ ಹಾಕಿ, ಹೊಸ ಹಲಗೆಯನ್ನು ಕಣ್ಣಿಗೆ ಬೀಳದ ಮೂಲೆಗೆ ಕಳಿಸುತ್ತಾರೆ. ದಪ್ಪ, ಅಗಲ, ಉಂಗುರಗಳ ಸಾಂದ್ರತೆ, ಸೀಳಿನ ದಿಕ್ಕು ಇವೆಲ್ಲ ಕೂಡಿಬರಬೇಕು. ಬಣ್ಣಕ್ಕೆ ಆತುರ ಸಲ್ಲದು. ಬೆಳಕು ಬಿದ್ದಂತೆ ಅದು ತಾನಾಗಿ ಕೆಂಪೇರುತ್ತದೆ.

ಹೀಗೆ ಹೊಂದಿಸಿದ ಹಲಗೆ ಹಳೆಯದೆಂದೇ ನಂಬಿಸಬೇಕೆ? 1964ರ ವೆನಿಸ್ ಸನ್ನದು ಇದಕ್ಕೆ ಮಿತಿ ಹಾಕಿತು. ಸೇರಿಸಿದ ಭಾಗ ಒಟ್ಟು ರೂಪಕ್ಕೆ ಹೊಂದಬೇಕು, ಮೂಲದಿಂದ ಬೇರೆಯೆಂದು ಗುರುತಿಸುವಂತೆಯೂ ಇರಬೇಕು. ಇಕೋಮಾಸ್ ಸಂಸ್ಥೆ 1999ರಲ್ಲಿ ಮರದ ಕಟ್ಟಡಗಳಿಗೆ ಮಾಡಿದ ಸೂತ್ರಗಳು ಹೊಸ ತುಂಡಿಗೆ ಮೆಲ್ಲಗೆ ಒಂದು ಗುರುತು ಹಾಕಿರಿ ಎನ್ನುತ್ತವೆ. ದುರಸ್ತಿಗೆ ಬೇಕಾದ ಮರ ಸಿಗುವಂತೆ ಕಾಡುಗಳನ್ನು ಕಾದಿಡಿರಿ ಎಂದೂ ಹೇಳುತ್ತವೆ. ಆ ಸೂತ್ರಗಳನ್ನು ಪರಿಷ್ಕರಿಸಿ ಅಂಗೀಕರಿಸಿದ್ದು 2017ರಲ್ಲಿ, ನಮ್ಮ ದೆಹಲಿಯಲ್ಲಿ.

ಬಡಗಿಯ ಕೌಶಲವೆಲ್ಲ ಕೊನೆಗೆ ಕಾಡಿನ ಬಾಗಿಲಿಗೆ ಬಂದು ನಿಲ್ಲುತ್ತದೆ. 2009ರಿಂದ ಅಮೆರಿಕದಲ್ಲಿ ನಡೆದಿರುವ ಸಂಘಟಿತ ಯತ್ನದಿಂದ ನೀಳೆಲೆಯ ಪೈನ್ ಈಗ ಸುಮಾರು 50 ಲಕ್ಷ ಎಕರೆಗೆ ಚೇತರಿಸಿಕೊಂಡಿದೆ. ಅಲ್ಲಿ ಬೇಕೆಂದೇ ಕಿಚ್ಚಿಟ್ಟು ಸಸಿ ಬೆಳೆಸುತ್ತಾರೆ. ಇಂದು ನೆಟ್ಟ ಸಸಿ ಆ ಹಳೆಯ ಹಲಗೆಗೆ ಜೊತೆಯಾಗಲು ಇನ್ನೂ ಎರಡು ಶತಮಾನ ಬೇಕು. ಅದುವರೆಗೆ, ಹಿಂದಿನವರು ಕಡಿದು ನದಿಯಲ್ಲಿ ಕಳೆದುಕೊಂಡ ದಿಮ್ಮಿಗಳಿಂದಲೇ ಇಂದಿನವರು ನೆಲದ ಬಿರುಕು ಮುಚ್ಚಿಕೊಳ್ಳಬೇಕು.