ಸಂಧ್ಯಾ ಎಸ್. ವಿಶ್ವೇಶ್ವರಯ್ಯ

ಸಂಧ್ಯಾ ಎಸ್. ವಿಶ್ವೇಶ್ವರಯ್ಯ ಅವರು ಭಾರತೀಯ ಜೀವವಿಜ್ಞಾನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿಯಾಗಿ, ಆರೋಗ್ಯ ಮತ್ತು ರೋಗಗಳಲ್ಲಿ ಕರುಳಿನ ಜೀವಕೋಶಗಳ ವರ್ತನೆಯ ಕುರಿತು ನಡೆಸಿದ ಸಂಶೋಧನೆಗಾಗಿ ಹೆಸರಾಗಿದ್ದಾರೆ.

ಸಂಶೋಧನೆ

ಕರುಳಿನ ಒಳಪದರದ ಜೀವಕೋಶಗಳ ಪೊರೆಯಲ್ಲಿರುವ ಗ್ವಾನಿಲಿಲ್ ಸೈಕ್ಲೇಸ್-ಸಿ ಎಂಬ ಗ್ರಾಹಕ ಪ್ರೋಟೀನು ಅವರ ಅಧ್ಯಯನದ ಮುಖ್ಯ ವಿಷಯ. ಕರುಳಿನಲ್ಲೇ ಉತ್ಪತ್ತಿಯಾಗುವ ಗ್ವಾನಿಲಿನ್ ಮತ್ತು ಯೂರೋಗ್ವಾನಿಲಿನ್ ಹಾರ್ಮೋನುಗಳು ಇದಕ್ಕೆ ಅಂಟಿಕೊಂಡಾಗ ಜೀವಕೋಶದೊಳಗೆ ಸೈಕ್ಲಿಕ್ ಜಿಎಂಪಿ ಪ್ರಮಾಣ ಹೆಚ್ಚುತ್ತದೆ. ಆಗ ಕ್ಲೋರೈಡ್ ಅಯಾನುಗಳು ಹೊರಬಂದು, ಅವುಗಳ ಹಿಂದೆ ನೀರೂ ಕರುಳಿನೊಳಕ್ಕೆ ಹರಿಯುತ್ತದೆ. ಕೆಲವು ಇ. ಕೋಲಿ ಬ್ಯಾಕ್ಟೀರಿಯಾಗಳು ಸ್ರವಿಸುವ, ಶಾಖಕ್ಕೂ ಕೆಡದ ವಿಷವು ಇದೇ ಗ್ರಾಹಕವನ್ನು ಅತಿಯಾಗಿ ಪ್ರಚೋದಿಸಿ ಅತಿಸಾರವನ್ನುಂಟುಮಾಡುತ್ತದೆ.

ಆನುವಂಶಿಕ ಅತಿಸಾರ

ಸೋಂಕಿಲ್ಲದೆಯೂ ಈ ಗ್ರಾಹಕದಿಂದ ಅತಿಸಾರ ಉಂಟಾಗಬಲ್ಲದು. ನಾರ್ವೆಯ ವಿಜ್ಞಾನಿಗಳೊಂದಿಗೆ ಅವರ ತಂಡವು 2012ರಲ್ಲಿ ಪ್ರಕಟಿಸಿದ ಅಧ್ಯಯನವು, ಅಲ್ಲಿನ ಒಂದೇ ಕುಟುಂಬದ 32 ಮಂದಿಯ ದೀರ್ಘಕಾಲದ ಅತಿಸಾರಕ್ಕೆ ಈ ಗ್ರಾಹಕದ ಜೀನ್‌ನಲ್ಲಿನ ಒಂದು ರೂಪಾಂತರವೇ ಕಾರಣವೆಂದು ತೋರಿಸಿತು. ಬದಲಾದ ಗ್ರಾಹಕವು ಹಾರ್ಮೋನು ತಗಲಿದಾಗ ಸಾಮಾನ್ಯಕ್ಕಿಂತ ಹೆಚ್ಚು ಸೈಕ್ಲಿಕ್ ಜಿಎಂಪಿಯನ್ನು ಉತ್ಪಾದಿಸುತ್ತಿತ್ತು. ಈ ಕುಟುಂಬದ ಕೆಲವರಲ್ಲಿ ಕರುಳಿನ ಉರಿಯೂತ ಮತ್ತು ಸಣ್ಣ ಕರುಳಿನ ಅಡಚಣೆಯೂ ಕಂಡುಬಂದಿದ್ದವು.

ಮಹತ್ವ

ಈ ಗ್ರಾಹಕವು ಪಿ21 ಎಂಬ ಪ್ರೋಟೀನಿನ ಮೂಲಕ ಕರುಳಿನ ಜೀವಕೋಶಗಳ ವಿಭಜನೆಯನ್ನೂ ನಿಯಂತ್ರಿಸುತ್ತದೆ ಎಂಬುದನ್ನು ಅವರ ತಂಡವು 2014ರಲ್ಲಿ ವರದಿ ಮಾಡಿತು. ಹೀಗಾಗಿ ಅದರ ಅಧ್ಯಯನವು ದೊಡ್ಡ ಕರುಳಿನ ಕ್ಯಾನ್ಸರ್ ಸಂಶೋಧನೆಗೂ ಸಂಬಂಧಿಸಿದೆ. ಗ್ರಾಹಕವನ್ನು ಮಿತವಾಗಿ ಪ್ರಚೋದಿಸುವುದು ಚಿಕಿತ್ಸೆಯೂ ಹೌದು: ಅಮೆರಿಕದಲ್ಲಿ 2012ರಲ್ಲಿ ಅನುಮೋದನೆ ಪಡೆದ ಲಿನಾಕ್ಲೋಟೈಡ್ ಔಷಧವು ಈ ಮಾರ್ಗದಿಂದಲೇ ಮಲಬದ್ಧತೆಯನ್ನು ನಿವಾರಿಸುತ್ತದೆ.